ಅಣಕು ವ್ಯವಹಾರ ತರಬೇತಿ: ಸಣ್ಣ ಉದ್ದಿಮೆಗಳ ಸಿಬ್ಬಂದಿಗೆ ಇದು ಏಕೆ ಅವಶ್ಯಕ?

ಸಣ್ಣ ಉದ್ದಿಮೆಯೊಂದರ ಹಣಕಾಸಿನ ಆಗುಹೋಗುಗಳನ್ನು ನಿರ್ಧರಿಸುವವರು ಮಾಲೀಕರು ಮಾತ್ರ ಎಂಬ ಭಾವನೆ ವರ್ತಕ ಸಮುದಾಯದಲ್ಲಿ ಬಲವಾಗಿ ಬೇರೂರಿದೆ. ಆದರೆ ದಿನನಿತ್ಯದ ವ್ಯವಹಾರವನ್ನು ಸೂಕ್ಷ್ಮವಾಗಿ ಅವಲೋಕಿಸಿದರೆ ಸಂಗತಿ ಬೇರೆಯೇ ಆಗಿರುವುದು ಕಂಡುಬರುತ್ತದೆ. ಮಾಲೀಕರು ಊರಿನಲ್ಲಿಲ್ಲದ ದಿನ ಯಾವ ಗಿರಾಕಿಗೆ ಉದ್ರಿ ಕೊಡಬೇಕೆಂದು ತೀರ್ಮಾನಿಸುವವನು ಗುಮಾಸ್ತ. ಎಷ್ಟು ರಿಯಾಯಿತಿ ಬಿಟ್ಟರೆ ಆರ್ಡರ್ ಸಿಗುತ್ತದೆಂದು ಲೆಕ್ಕ ಹಾಕುವವನು ಮಾರಾಟಕ್ಕೆ ತಿರುಗುವ ಹುಡುಗ. ಯಂತ್ರದಲ್ಲಿ ಎಷ್ಟು ಮಾಲು ಹಾಳಾಗುತ್ತದೆಂಬುದು ಯಂತ್ರದ ಮುಂದೆ ನಿಂತವನ ಕೈಯಲ್ಲಿದೆ. ಖರೀದಿಯ ಬಿಲ್ಲು ಲೆಕ್ಕದ ಮೇಜಿಗೆ ಇಂದು ತಲುಪುವುದೋ, ಹದಿನೈದು ದಿನಗಳ ನಂತರ ತಲುಪುವುದೋ ಎಂಬುದು ಲಾರಿ ಚಾಲಕನ ಜೇಬನ್ನು ಅವಲಂಬಿಸಿದೆ. ಹೀಗೆ ಹಣದ ಹರಿವಿನ ಹತ್ತಾರು ತೂಬುಗಳನ್ನು ತೆರೆಯುವವರೂ ಮುಚ್ಚುವವರೂ ಸಿಬ್ಬಂದಿಯೇ. ವಿಪರ್ಯಾಸವೆಂದರೆ, ಆ ತೂಬಿನಿಂದ ಹರಿದ ನೀರು ಎಲ್ಲಿಗೆ ಹೋಗುತ್ತದೆಂಬ ಅರಿವನ್ನು ಅವರಿಗೆ ಯಾರೂ ಮಾಡಿಕೊಟ್ಟಿರುವುದಿಲ್ಲ.

ಈ ಕೊರತೆಯನ್ನು ತುಂಬಲು ಇರುವ ಪರಿಣಾಮಕಾರಿ ವಿಧಾನಗಳಲ್ಲಿ ಬಿಸಿನೆಸ್ ಸಿಮ್ಯುಲೇಷನ್, ಅರ್ಥಾತ್ ಅಣಕು ವ್ಯವಹಾರ ತರಬೇತಿಯೂ ಒಂದು. ಶಾಲೆಗಳಲ್ಲಿ ಅಣಕು ಸಂಸತ್ತು ನಡೆಸಿ ಮಕ್ಕಳಿಗೆ ಪ್ರಜಾಪ್ರಭುತ್ವದ ಪರಿಚಯ ಮಾಡಿಸುವಂತೆ, ಒಂದು ಕಾಲ್ಪನಿಕ ಉದ್ದಿಮೆಯನ್ನು ಸಿಬ್ಬಂದಿಯ ಕೈಗೊಪ್ಪಿಸಿ, ಬಂಡವಾಳ ಹೂಡಿ, ಕಚ್ಚಾಮಾಲು ಕೊಂಡು, ತಯಾರಿಸಿ, ಮಾರಿ, ಲಾಭ-ನಷ್ಟದ ಲೆಕ್ಕ ಒಪ್ಪಿಸುವಂತೆ ಮಾಡುವುದೇ ಈ ತರಬೇತಿಯ ತಿರುಳು. ಬೃಹತ್ ಕಂಪನಿಗಳು ಇದಕ್ಕಾಗಿ ಗಣಕಯಂತ್ರ, ತಜ್ಞರು ಮತ್ತು ಹೋಟೆಲ್ ಸಭಾಂಗಣಗಳ ಮೇಲೆ ಧಾರಾಳವಾಗಿ ವೆಚ್ಚ ಮಾಡುತ್ತವೆ. ಆ ಕಾರಣದಿಂದಲೇ ಇದು ದೊಡ್ಡವರ ಸೊತ್ತು, ಕಡೂರು ತಾಲ್ಲೂಕಿನ ಚೌಳಹಿರಿಯೂರಿನಂತಹ ಹೋಬಳಿ ಕೇಂದ್ರದಲ್ಲಿರುವ ವರ್ತಕರಿಗಾಗಲೀ ಸಣ್ಣ ತಯಾರಕರಿಗಾಗಲೀ ಸಂಬಂಧಿಸಿದ್ದಲ್ಲ ಎಂಬ ತಪ್ಪು ಕಲ್ಪನೆ ಉಂಟಾಗಿದೆ. ವಾಸ್ತವವಾಗಿ ಇದರ ಅಗತ್ಯ ಹೆಚ್ಚಾಗಿರುವುದು ಸಣ್ಣವರಿಗೇ. ದೊಡ್ಡ ಕಂಪನಿಯಲ್ಲಿ ಒಬ್ಬ ನೌಕರನ ತಪ್ಪು ನೂರು ಜನರ ಕೆಲಸದಲ್ಲಿ ಮುಚ್ಚಿಹೋಗುತ್ತದೆ. ಆರು ಜನರಿರುವ ಎಣ್ಣೆ ಗಿರಣಿಯಲ್ಲಿ ಅದೇ ತಪ್ಪು ತಿಂಗಳ ಕೊನೆಯಲ್ಲಿ ಸಂಬಳಕ್ಕೆ ಹಣವಿಲ್ಲದ ಸ್ಥಿತಿಯನ್ನು ತಂದೊಡ್ಡುತ್ತದೆ.

ಆಟದ ಮೂಲಕ ಪಾಠ: ಹಿನ್ನೆಲೆ

ಆಟದ ಮೂಲಕ ಗಂಭೀರ ವಿಷಯವನ್ನು ಕಲಿಸುವ ಪದ್ಧತಿ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಪ್ರಷ್ಯಾದ ಸೇನಾಧಿಕಾರಿಗಳು ನಕ್ಷೆಯ ಮೇಲೆ ಗುರುತುಗಳನ್ನು ಚಲಿಸಿ ಯುದ್ಧತಂತ್ರವನ್ನು ಅಭ್ಯಸಿಸುತ್ತಿದ್ದರು. ಈ ಪದ್ಧತಿಯನ್ನು ವ್ಯವಹಾರಕ್ಕೆ ಅಳವಡಿಸುವ ಪ್ರಯತ್ನಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಅಮೆರಿಕನ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ 1957ರಲ್ಲಿ ಬಳಕೆಗೆ ತಂದ ಆಟ. ಅಲ್ಲಿ ಕಂಪನಿಗಳ ಉನ್ನತಾಧಿಕಾರಿಗಳು ತಂಡಗಳಾಗಿ ಸ್ಪರ್ಧಿಸಿ ಬೆಲೆ, ಉತ್ಪಾದನೆ ಮತ್ತು ಹೂಡಿಕೆಯ ನಿರ್ಧಾರಗಳನ್ನು ಕೈಗೊಳ್ಳುತ್ತಿದ್ದರು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಸಣ್ಣ ಉದ್ದಿಮೆದಾರರಿಗಾಗಿ ಅನೇಕ ದೇಶಗಳಲ್ಲಿ ನಡೆಸುತ್ತಿರುವ ತರಬೇತಿ ಕಾರ್ಯಕ್ರಮದಲ್ಲಿಯೂ ವ್ಯವಹಾರದ ಆಟ ಒಂದು ಮುಖ್ಯ ಅಂಗವಾಗಿದೆ. ನಮ್ಮ ದೇಶದಲ್ಲಿ ಅಖಿಲ ಭಾರತ ಮ್ಯಾನೇಜ್‌ಮೆಂಟ್ ಸಂಘವು ವ್ಯವಸ್ಥಾಪಕರಿಗಾಗಿ ರಾಷ್ಟ್ರಮಟ್ಟದ ಇಂತಹ ಸ್ಪರ್ಧೆಗಳನ್ನು ಏರ್ಪಡಿಸುತ್ತ ಬಂದಿದೆ.

ಸಣ್ಣ ವರ್ತಕರಿಗೆ ಹೆಚ್ಚು ಹತ್ತಿರವಾದ ಉದಾಹರಣೆ ಆಂಧ್ರಪ್ರದೇಶದ ಕಾಕಿನಾಡದ್ದು. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲೆಂಡ್ ಅವರ ನೇತೃತ್ವದಲ್ಲಿ 1964ರಲ್ಲಿ ಕಾಕಿನಾಡದ ಸಣ್ಣ ಉದ್ದಿಮೆದಾರರನ್ನು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಗೆ ಕರೆಸಿ ತರಬೇತಿ ನೀಡಲಾಯಿತು. ಅಂದು ಬಳಸಿದ ಸಾಧನಗಳಲ್ಲಿ ಗೂಟಕ್ಕೆ ಉಂಗುರ ಎಸೆಯುವಂತಹ ಸರಳ ಆಟಗಳೂ ಇದ್ದವು. ತೀರಾ ಹತ್ತಿರದಿಂದ ಎಸೆಯುವವನು ಯಾರು, ಎಟುಕದ ದೂರದಿಂದ ಎಸೆದು ಸೋಲುವವನು ಯಾರು, ಲೆಕ್ಕ ಹಾಕಿ ತಕ್ಕ ದೂರವನ್ನು ಆರಿಸಿಕೊಳ್ಳುವವನು ಯಾರು ಎಂಬುದರಿಂದ ಅವರವರ ಸಾಹಸ ಪ್ರವೃತ್ತಿ ಅವರವರಿಗೇ ಗೋಚರಿಸುತ್ತಿತ್ತು. ತರಬೇತಿ ಪಡೆದವರು ನಂತರದ ವರ್ಷಗಳಲ್ಲಿ ಹೊಸ ಹೂಡಿಕೆ ಮತ್ತು ಹೊಸ ಚಟುವಟಿಕೆಗಳಲ್ಲಿ ಹೆಚ್ಚು ಉತ್ಸಾಹ ತೋರಿದರೆಂದು ಆ ಅಧ್ಯಯನ ದಾಖಲಿಸಿದೆ.

ಕರ್ನಾಟಕದಲ್ಲಿ ಈ ಪರಂಪರೆಗೆ ಉಜಿರೆಯೇ ನೆಲೆ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಅಂದಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳು ಒಟ್ಟಾಗಿ 1982ರಲ್ಲಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯು ಗ್ರಾಮೀಣ ಯುವಕ ಯುವತಿಯರಿಗೆ ಸ್ವ ಉದ್ಯೋಗದ ತರಬೇತಿ ನೀಡುತ್ತ ಬಂದಿದೆ. ಇದರ ಯಶಸ್ಸನ್ನು ಗಮನಿಸಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಜಿಲ್ಲೆಗೊಂದರಂತೆ ಬ್ಯಾಂಕುಗಳ ಪ್ರಾಯೋಜಕತ್ವದಲ್ಲಿ ಇದೇ ಮಾದರಿಯ ಆರ್‌ಸೆಟಿ ಸಂಸ್ಥೆಗಳನ್ನು ಸ್ಥಾಪಿಸುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಈ ಬಗೆಯ ತರಬೇತಿಗಳಲ್ಲಿ ಗೋಪುರ ಕಟ್ಟುವ ಆಟ, ಕಾಗದದ ದೋಣಿ ತಯಾರಿಸಿ ಮಾರುವ ಆಟ ಮುಂತಾದವು ಬಳಕೆಯಲ್ಲಿವೆ. ದೋಣಿ ಆಟದಲ್ಲಿ ಕಾಗದವೇ ಕಚ್ಚಾಮಾಲು. ಎಷ್ಟು ದೋಣಿ ಮಾಡಬಲ್ಲೆವೆಂದು ಮೊದಲೇ ಅಂದಾಜಿಸಿ ಕಾಗದ ಕೊಳ್ಳಬೇಕು, ಗೊತ್ತುಪಡಿಸಿದ ಅವಧಿಯಲ್ಲಿ ಮಡಿಸಬೇಕು. ಸೊಟ್ಟಗಾದ ದೋಣಿಯನ್ನು ಕೊಳ್ಳುವವರಿಲ್ಲ, ಉಳಿದ ಕಾಗದಕ್ಕೆ ಪೂರ್ತಿ ಬೆಲೆಯಿಲ್ಲ. ಅಂದಾಜು, ಗುಣಮಟ್ಟ, ವ್ಯರ್ಥ ಮತ್ತು ಬೆಲೆ ಎಂಬ ನಾಲ್ಕು ಪಾಠಗಳು ಅರ್ಧ ಗಂಟೆಯಲ್ಲಿ ಮನದಟ್ಟಾಗುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಸಂಸ್ಥೆಗಳ ಗುರಿ ಹೊಸದಾಗಿ ಉದ್ಯೋಗ ಆರಂಭಿಸುವವರು. ಈಗಾಗಲೇ ನಡೆಯುತ್ತಿರುವ ಅಂಗಡಿ, ಮಂಡಿ, ಗಿರಣಿಗಳಲ್ಲಿ ಸಂಬಳಕ್ಕೆ ದುಡಿಯುವವರಿಗೆ ಇಂತಹ ಅವಕಾಶ ದೊರೆಯುವುದು ವಿರಳ. ವರ್ತಕರು ಮತ್ತು ಅವರ ಸಂಘಗಳು ತುಂಬಬೇಕಾದ ಜಾಗ ಇದೇ ಆಗಿದೆ.

ಅಳಗುಳಿಮಣೆ ಮತ್ತು ಅಢಾವೆ ಪತ್ರಿಕೆ

ಹಣಕಾಸಿನ ಅರಿವೆಂದರೆ ಸಿಬ್ಬಂದಿಗೆ ಜಮಾ-ಖರ್ಚಿನ ಸೂತ್ರಗಳನ್ನು ಬಾಯಿಪಾಠ ಮಾಡಿಸುವುದೆಂದು ಕೆಲವರು ಭಾವಿಸುತ್ತಾರೆ. ಅದರ ಅಗತ್ಯವಿಲ್ಲ. ಬಯಲುಸೀಮೆಯ ಹಳ್ಳಿಗಳ ಹಿರಿಯರಿಗೆ ಅಳಗುಳಿಮಣೆ ಚಿರಪರಿಚಿತ. ಎರಡು ಸಾಲಿನಲ್ಲಿ ಏಳೇಳು ಗುಳಿಗಳು, ಅವುಗಳಲ್ಲಿ ಹುಣಸೆ ಬೀಜಗಳು. ಆಟದಲ್ಲಿ ಬೀಜ ಮಾಯವಾಗುವುದಿಲ್ಲ, ಒಂದು ಗುಳಿಯಿಂದ ಮತ್ತೊಂದಕ್ಕೆ ಸಾಗುತ್ತದೆ, ಅಷ್ಟೆ. ಒಂದು ಗುಳಿ ತುಂಬಿದರೆ ಮತ್ತೊಂದು ಬರಿದಾಗಿರುತ್ತದೆ. ಉದ್ದಿಮೆಯ ಅಢಾವೆ ಪತ್ರಿಕೆಯೂ ಬಹುಮಟ್ಟಿಗೆ ಇದೇ ತೆರನಾದದ್ದು. ನಗದು, ದಾಸ್ತಾನು, ಉದ್ರಿ ಬಾಕಿ, ಯಂತ್ರ ಎಂಬ ಗುಳಿಗಳು ಒಂದು ಕಡೆ. ಬ್ಯಾಂಕ್ ಸಾಲ, ಸ್ವಂತ ಬಂಡವಾಳ ಎಂಬ ಗುಳಿಗಳು ಇನ್ನೊಂದು ಕಡೆ. ಎರಡು ಕಡೆಯ ಮೊತ್ತವೂ ಸದಾ ಸಮನಾಗಿರಬೇಕು.

ಚೌಳಹಿರಿಯೂರಿನ ಸುತ್ತಿನಲ್ಲಿ ಕೊಬ್ಬರಿ ಎಣ್ಣೆ ತೆಗೆಯುವ ಒಂದು ಕಾಲ್ಪನಿಕ ಗಿರಣಿಯನ್ನು ಆಟಕ್ಕೆ ಆರಿಸಿಕೊಳ್ಳಬಹುದು. ಒಂದು ಹುಣಸೆ ಬೀಜವೆಂದರೆ 10,000 ರೂಪಾಯಿ. ಸ್ವಂತ ಬಂಡವಾಳ 60 ಬೀಜ, ಬ್ಯಾಂಕ್ ಸಾಲ 40 ಬೀಜ, ಒಟ್ಟು 100. ಇನ್ನೊಂದು ಕಡೆ ಯಂತ್ರದಲ್ಲಿ 40, ದಾಸ್ತಾನಿನಲ್ಲಿ 20, ನಗದಿನಲ್ಲಿ 40 ಬೀಜಗಳಿವೆ. ಮೊದಲ ತಿಂಗಳಲ್ಲಿ ತಂಡವು ಕ್ವಿಂಟಾಲಿಗೆ 10,000 ರೂಪಾಯಿಯಂತೆ 30 ಕ್ವಿಂಟಾಲ್ ಕೊಬ್ಬರಿಯನ್ನು ನಗದಿಗೆ ಕೊಳ್ಳುತ್ತದೆ. ನಗದು 10ಕ್ಕೆ ಇಳಿಯುತ್ತದೆ, ದಾಸ್ತಾನು 50ಕ್ಕೆ ಏರುತ್ತದೆ. ಕೂಲಿ, ವಿದ್ಯುತ್, ಸಾಗಣೆ ಮತ್ತು ಬಡ್ಡಿಗೆಂದು 6 ಬೀಜ ಖರ್ಚಾಗಿ ನಗದಿನಲ್ಲಿ ಉಳಿಯುವುದು 4. ನಂತರ 40 ಬೀಜ ಅಸಲಿನ ಮಾಲನ್ನು 50 ಬೀಜಕ್ಕೆ, ಎರಡು ತಿಂಗಳ ಉದ್ರಿಯ ಮೇಲೆ, ಒಬ್ಬ ಸಗಟು ವ್ಯಾಪಾರಿಗೆ ಮಾರಲಾಗುತ್ತದೆ.

ತಿಂಗಳ ಲೆಕ್ಕ ಹಾಕಿದಾಗ ತಂಡಕ್ಕೆ ಹರ್ಷವೋ ಹರ್ಷ. ಮಾರಾಟ 50, ಅಸಲು 40, ಖರ್ಚು 6, ನಿವ್ವಳ ಲಾಭ 4 ಬೀಜ, ಅಂದರೆ 40,000 ರೂಪಾಯಿ. ಸ್ವಂತ ಬಂಡವಾಳ 64ಕ್ಕೆ ಏರಿದೆ, ಎರಡು ಕಡೆಯೂ 104ಕ್ಕೆ ತಾಳೆಯಾಗಿದೆ. ಆದರೆ ಎರಡನೆಯ ತಿಂಗಳ ಮೊದಲ ಸುತ್ತಿನಲ್ಲಿಯೇ ಆಟ ನಿಲ್ಲುತ್ತದೆ. ನಗದಿನ ಗುಳಿಯಲ್ಲಿರುವುದು 4 ಬೀಜ, ಬೇಕಾಗಿರುವುದು ಖರ್ಚಿಗೇ 6. ಕೊಬ್ಬರಿ ಕೊಳ್ಳುವ ಮಾತೇ ಇಲ್ಲ. ಲಾಭವಿದೆ, ಹಣವಿಲ್ಲ. ಗುಮಾಸ್ತನೊಬ್ಬನಿಗೆ ಇದನ್ನು ಹತ್ತು ಬಾರಿ ಮಾತಿನಲ್ಲಿ ಹೇಳಿದರೂ ನಾಟದ ವಿಷಯ, ಬರಿದಾದ ಗುಳಿಯನ್ನು ಕಣ್ಣಾರೆ ಕಂಡಾಗ ಒಂದೇ ಸಲಕ್ಕೆ ನಾಟುತ್ತದೆ. ಬಾಕಿ ವಸೂಲಿಗೆ ಮಾಲೀಕರು ಏಕೆ ಪದೇ ಪದೇ ಒತ್ತಾಯಿಸುತ್ತಾರೆಂಬುದಕ್ಕೆ ಆತನಿಗೆ ಉತ್ತರ ದೊರೆಯುತ್ತದೆ.

ಮುಂದಿನ ಸುತ್ತಿನಲ್ಲಿ ಅದೇ ತಂಡ ಬೇರೆ ದಾರಿಯನ್ನು ಪರೀಕ್ಷಿಸಬಹುದು. ಅರ್ಧ ಮಾಲನ್ನು ಶೇಕಡ 2ರ ರಿಯಾಯಿತಿ ಕೊಟ್ಟು ನಗದಿಗೆ ಮಾರಿದರೆ ರಿಯಾಯಿತಿಯಿಂದ 5,000 ರೂಪಾಯಿ ಕೈಬಿಡುತ್ತದೆ, ಲಾಭ 35,000ಕ್ಕೆ ಇಳಿಯುತ್ತದೆ. ಆದರೆ ನಗದಿನ ಗುಳಿಯಲ್ಲಿ 28 ಬೀಜಗಳಿಗೂ ಹೆಚ್ಚು ಉಳಿದು ಗಿರಣಿ ನಡೆಯುತ್ತದೆ. ಎರಡು ತಿಂಗಳಿಗೆ ಶೇಕಡ 2 ಎಂದರೆ ವರ್ಷಕ್ಕೆ ಸುಮಾರು ಶೇಕಡ 12ರ ಬಡ್ಡಿಗೆ ಸಮ. ಬ್ಯಾಂಕಿನ ಓವರ್‌ಡ್ರಾಫ್ಟ್ ದರ ಇದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ತಂಡದ ಸದಸ್ಯರೇ ಪ್ರಶ್ನಿಸಲು ತೊಡಗಿದರೆ ತರಬೇತಿ ಸಾರ್ಥಕವಾದಂತೆ.

ರಿಯಾಯಿತಿಯ ವಿಷಯದಲ್ಲಿ ಇನ್ನೊಂದು ಮುಖವೂ ಇದೆ. ಮೇಲಿನ ಉದಾಹರಣೆಯಲ್ಲಿ 50 ಬೀಜದ ಮಾರಾಟಕ್ಕೆ 10 ಬೀಜದ ಒಟ್ಟು ಲಾಭವಿದೆ. ಮಾರಾಟದ ಹುಡುಗ ಶೇಕಡ 5ರ ರಿಯಾಯಿತಿಯನ್ನು ಎಲ್ಲರಿಗೂ ಬಿಟ್ಟರೆ ಒಟ್ಟು ಲಾಭ ಏಳೂವರೆ ಬೀಜಕ್ಕೆ ಇಳಿಯುತ್ತದೆ. ಮೊದಲಿನಷ್ಟೇ ಲಾಭ ಬರಬೇಕಾದರೆ ಮೂರನೆಯ ಒಂದು ಭಾಗದಷ್ಟು ಹೆಚ್ಚು ಮಾಲನ್ನು ಮಾರಬೇಕು. ಶೇಕಡ 5 ಬಿಟ್ಟರೆ ಶೇಕಡ 5ರಷ್ಟು ಹೆಚ್ಚು ಮಾರಿದರೆ ಸಾಕೆಂಬುದು ಬಹುತೇಕ ನೌಕರರ, ಕೆಲವೊಮ್ಮೆ ಮಾಲೀಕರ ಮಕ್ಕಳ ಸಹಜ ನಂಬಿಕೆ. ಬೀಜಗಳನ್ನು ಎಣಿಸಿದ ಮೇಲೆ ಆ ನಂಬಿಕೆ ಉಳಿಯಲಾರದು.

ಬೆಲೆ ಏರಿಳಿತದ ಪಾಠ

ಈ ಭಾಗದ ವ್ಯಾಪಾರಕ್ಕೆ ಕೊಬ್ಬರಿ ಬೆಲೆಯ ಏರಿಳಿತ ಹೊಸತಲ್ಲ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ದರ ಅಂದಿನ ಬೆಂಬಲ ಬೆಲೆಯಾದ 11,750 ರೂಪಾಯಿಗಿಂತ ಬಹಳ ಕೆಳಗಿಳಿದು ಬೆಳೆಗಾರರು ಬೀದಿಗಿಳಿಯಬೇಕಾಯಿತು. 2025ರ ಹಂಗಾಮಿಗೆ ಬೆಂಬಲ ಬೆಲೆ 12,100 ರೂಪಾಯಿ ಇದ್ದರೆ, ಆ ವರ್ಷ ಮಾರುಕಟ್ಟೆ ದರ ಅದರ ಇಮ್ಮಡಿಯನ್ನೂ ಮೀರಿತು. ಬೆಲೆ ಏರಿದರೆ ವರ್ತಕರಿಗೆ ಲಾಭವೇ ಲಾಭವೆಂದು ಸಿಬ್ಬಂದಿ ಭಾವಿಸುವುದು ಸಹಜ. ಆಟದ ಮಧ್ಯದಲ್ಲಿ “ಕೊಬ್ಬರಿ ಬೆಲೆ ಇಮ್ಮಡಿಯಾಗಿದೆ” ಎಂಬ ಚೀಟಿಯೊಂದನ್ನು ತೆಗೆದರೆ ನಿಜಸ್ಥಿತಿ ತಿಳಿಯುತ್ತದೆ. ಮೊದಲು 30 ಬೀಜಕ್ಕೆ ಬರುತ್ತಿದ್ದ 30 ಕ್ವಿಂಟಾಲ್ ಮಾಲಿಗೆ ಈಗ 60 ಬೀಜ ಬೇಕು. ಗಿರಣಿಯ ಗಾತ್ರ ಬದಲಾಗಿಲ್ಲ, ಬೇಕಾಗುವ ದುಡಿಯುವ ಬಂಡವಾಳ ಮಾತ್ರ ಇಮ್ಮಡಿಯಾಗಿದೆ. ಬೆಲೆ ಏರಿದ ವರ್ಷದಲ್ಲಿಯೇ ಮಾಲೀಕರು ಬ್ಯಾಂಕಿನ ಬಾಗಿಲು ತಟ್ಟುವುದೇಕೆ, ಉದ್ರಿಯ ಮಿತಿಯನ್ನು ಬಿಗಿಗೊಳಿಸುವುದೇಕೆ ಎಂಬುದು ಆಗ ಅರ್ಥವಾಗುತ್ತದೆ.

ತಂಡವಾಗಿ ದುಡಿಯುವ ಅಭ್ಯಾಸ

ಇಂತಹ ತರಬೇತಿಯ ಎರಡನೆಯ ಪ್ರಯೋಜನ ಪರಸ್ಪರ ಸಹಕಾರ. ಅಗ್ಗವಾಗಿ ಸಿಕ್ಕಿತೆಂದು ಖರೀದಿಯವನು ಮೂರು ತಿಂಗಳ ಮಾಲನ್ನು ಒಮ್ಮೆಗೇ ತುಂಬಿಸುತ್ತಾನೆ. ನಗದು ಖಾಲಿಯಾಯಿತೆಂದು ಲೆಕ್ಕದವನು ಗೊಣಗುತ್ತಾನೆ. ಬೇಡಿಕೆಯಿರುವ ಮಾಲು ಗೋದಾಮಿನಲ್ಲಿಲ್ಲವೆಂದು ಮಾರಾಟದವನು ದೂರುತ್ತಾನೆ. ಪ್ರತಿಯೊಬ್ಬನೂ ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿರುತ್ತಾನೆ, ಆದರೂ ಉದ್ದಿಮೆ ಸೊರಗುತ್ತದೆ.

ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1960ರ ಸುಮಾರಿಗೆ ರೂಪುಗೊಂಡ ಬಿಯರ್ ಆಟವೆಂಬುದು ಇದೇ ವಿಷಯವನ್ನು ಪ್ರಯೋಗದ ಮೂಲಕ ತೋರಿಸಿಕೊಡುತ್ತದೆ. ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂದು ನಾಲ್ವರು ಸಾಲಾಗಿ ಕುಳಿತು, ಪರಸ್ಪರ ಮಾತನಾಡದೆ, ಚೀಟಿಯ ಮೂಲಕ ಮಾತ್ರ ಆರ್ಡರ್ ಕಳುಹಿಸಬೇಕು. ಗಿರಾಕಿಗಳ ಬೇಡಿಕೆ ವಾರಕ್ಕೆ 4 ಪೆಟ್ಟಿಗೆಯಿಂದ 8ಕ್ಕೆ ಒಂದೇ ಒಂದು ಸಲ ಏರಿ ಅಲ್ಲಿಯೇ ನಿಲ್ಲುತ್ತದೆ. ಆದರೆ ಆರ್ಡರ್ ಕಾರ್ಖಾನೆಯನ್ನು ತಲುಪುವ ಹೊತ್ತಿಗೆ ಅದು ಹಲವು ಪಟ್ಟು ಹಿಗ್ಗಿರುತ್ತದೆ. ಮೊದಲು ಎಲ್ಲರಲ್ಲಿಯೂ ಅಭಾವ, ನಂತರ ಎಲ್ಲರ ಗೋದಾಮುಗಳಲ್ಲಿಯೂ ಮಾರಾಟವಾಗದ ರಾಶಿ. ಆಟ ಮುಗಿದಾಗ ನಾಲ್ವರೂ ಗಿರಾಕಿಯನ್ನೋ ಪಕ್ಕದವನನ್ನೋ ದೂಷಿಸುತ್ತಾರೆ. ನಂತರ ನಿಜವಾದ ಬೇಡಿಕೆಯ ಪಟ್ಟಿಯನ್ನು ತೆರೆದು ತೋರಿಸಿದಾಗ ತಪ್ಪು ವ್ಯಕ್ತಿಯದಲ್ಲ, ಮಾಹಿತಿ ಹಂಚಿಕೊಳ್ಳದ ವ್ಯವಸ್ಥೆಯದು ಎಂದು ಮನವರಿಕೆಯಾಗುತ್ತದೆ.

ಇದೇ ಆಟವನ್ನು ತೋಟದ ವ್ಯಾಪಾರಿ, ಕಡೂರಿನ ಮಂಡಿ, ತಿಪಟೂರಿನ ಸಗಟುದಾರ, ಉತ್ತರ ಭಾರತದ ಖರೀದಿದಾರ ಎಂದು ಬದಲಿಸಿಕೊಂಡರೆ ಚೌಳಹಿರಿಯೂರಿನ ಯಾವ ನೌಕರನಿಗೂ ಅದು ಪರಕೀಯವೆನಿಸದು. ಆಟದಲ್ಲಿ ಪಾತ್ರಗಳನ್ನು ಅದಲು ಬದಲು ಮಾಡುವುದು ಇನ್ನೂ ಒಳಿತು. ಗಿರಣಿಯ ಕೆಲಸಗಾರನಿಗೆ ಖಜಾಂಚಿಯ ಪಾತ್ರವನ್ನೂ ಗುಮಾಸ್ತನಿಗೆ ಖರೀದಿಯ ಪಾತ್ರವನ್ನೂ ಕೊಟ್ಟರೆ, ಎದುರಿನವನ ಕಷ್ಟವನ್ನು ಅರಿಯಲು ಉಪದೇಶ ಬೇಕಾಗುವುದಿಲ್ಲ.

ಕಾನೂನು ಬಿಗಿಯಾಗಿರುವ ಕಾಲ

ಸಿಬ್ಬಂದಿಯ ಅರಿವು ಇಂದು ಹಿಂದೆಂದಿಗಿಂತ ಮುಖ್ಯವಾಗಲು ತೆರಿಗೆ ಕಾನೂನುಗಳೂ ಕಾರಣ. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ವ್ಯವಸ್ಥೆಯಲ್ಲಿ ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಮುಜರಾ ಪಡೆಯಲು ಬಿಲ್ಲು ಸಕಾಲದಲ್ಲಿ ಲೆಕ್ಕಕ್ಕೆ ಬರಬೇಕು, ಮಾರಿದವರು ತಮ್ಮ ವಿವರಪಟ್ಟಿಯಲ್ಲಿ ಅದನ್ನು ತೋರಿಸಿರಬೇಕು. ಬಿಲ್ಲಿನ ದಿನಾಂಕದಿಂದ 180 ದಿನಗಳಲ್ಲಿ ಹಣ ಪಾವತಿಸದಿದ್ದರೆ ಪಡೆದ ಮುಜರಾವನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕಾಗುತ್ತದೆ. ಚಾಲಕನ ಜೇಬಿನಲ್ಲಿ ಉಳಿದ ಬಿಲ್ಲು ಹೀಗೆ ನಷ್ಟವಾಗಿ ಪರಿಣಮಿಸುತ್ತದೆ.

ಅದರಂತೆಯೇ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ತಯಾರಕರಿಂದ ಮಾಲು ಕೊಂಡವರು, ಲಿಖಿತ ಒಪ್ಪಂದವಿದ್ದರೆ ಅದರ ಅವಧಿಯೊಳಗೆ, ಆದರೆ ಗರಿಷ್ಠ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ತೆರಬೇಕು. 2023ರ ಹಣಕಾಸು ಕಾಯ್ದೆ ತಂದ ತಿದ್ದುಪಡಿಯ ನಂತರ, ಹೀಗೆ ಅವಧಿ ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ಕಳೆಯಲು ಅವಕಾಶ. ಕೇವಲ ವ್ಯಾಪಾರಿಗಳಾಗಿರುವ ಮಾರಾಟಗಾರರ ಬಾಕಿಗೆ ಈ ನಿಯಮ ಅನ್ವಯಿಸುವುದಿಲ್ಲ. ಯಾವ ಬಿಲ್ಲು ತಯಾರಕರದು, ಯಾವುದು ವ್ಯಾಪಾರಿಯದು ಎಂದು ದಿನದಿನದ ಕೆಲಸದಲ್ಲಿ ಗುರುತಿಸಬೇಕಾದವನು ಪುನಃ ಗುಮಾಸ್ತನೇ. ಇಂತಹ ನಿಯಮಗಳನ್ನು ಆಟದ ಚೀಟಿಗಳಾಗಿ ಬರೆದಿಟ್ಟು, ಬಿಲ್ಲು ಕಳೆದ ತಂಡ ಎರಡು ಬೀಜ ಕಳೆದುಕೊಳ್ಳುವಂತೆ ಮಾಡಿದರೆ, ಸುತ್ತೋಲೆಗಿಂತ ಅದು ಹೆಚ್ಚು ಕಾಲ ನೆನಪಿನಲ್ಲಿರುತ್ತದೆ.

ಆಕ್ಷೇಪಣೆಗಳು ಮತ್ತು ಸಮಾಧಾನ

ವರ್ತಕ ಬಾಂಧವರಿಂದ ಕೇಳಿಬರಬಹುದಾದ ಮೊದಲ ಆಕ್ಷೇಪಣೆ ಗೋಪ್ಯತೆಯದು. ಲಾಭದ ಲೆಕ್ಕ ತಿಳಿದರೆ ನೌಕರರು ಸಂಬಳ ಹೆಚ್ಚಿಸಲು ಕೇಳುತ್ತಾರೆ ಅಥವಾ ಎದುರಿಗೇ ಅಂಗಡಿ ತೆರೆಯುತ್ತಾರೆ ಎಂಬ ಭಯ ನಿರಾಧಾರವಾದದ್ದಲ್ಲ. ಆದರೆ ಅಣಕು ವ್ಯವಹಾರದ ಅನುಕೂಲವೇ ಇಲ್ಲಿದೆ. ಆಟದಲ್ಲಿ ಬಳಸುವ ಅಂಕಿಗಳು ಕಾಲ್ಪನಿಕ, ಮಾಲೀಕರ ಪುಸ್ತಕ ಮುಚ್ಚಿಯೇ ಇರುತ್ತದೆ. ಅಲ್ಲದೆ ಲೆಕ್ಕ ತಿಳಿಯದ ನೌಕರನ ಊಹೆ ಸತ್ಯಕ್ಕಿಂತ ದೊಡ್ಡದಾಗಿರುತ್ತದೆ. ಗಲ್ಲಾಪೆಟ್ಟಿಗೆಗೆ ಬಂದ ಹಣವೆಲ್ಲ ಲಾಭವೆಂದು ತಿಳಿದವನಿಗಿಂತ, 50 ಬೀಜದ ಮಾರಾಟದಲ್ಲಿ ಉಳಿಯುವುದು 4 ಬೀಜ ಎಂದು ಅರಿತವನು ಮಾಲೀಕರೊಡನೆ ಹೆಚ್ಚು ನ್ಯಾಯವಾಗಿ ಮಾತನಾಡಬಲ್ಲ.

ಪುಸ್ತಕವನ್ನೇ ತೆರೆದಿಟ್ಟವರ ಉದಾಹರಣೆಯೂ ಇದೆ. ಅಮೆರಿಕದ ಮಿಸ್ಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಹಳೆಯ ಎಂಜಿನ್‌ಗಳನ್ನು ಪುನರ್ನಿರ್ಮಿಸುವ ಕಾರ್ಖಾನೆಯೊಂದನ್ನು ಜ್ಯಾಕ್ ಸ್ಟ್ಯಾಕ್ ಮತ್ತು ಅವರ ಸಹೋದ್ಯೋಗಿಗಳು 1983ರಲ್ಲಿ ಕೊಂಡರು. ಆಗ ಸ್ವಂತ ಬಂಡವಾಳದ ಒಂದೊಂದು ಡಾಲರಿಗೆ 89 ಡಾಲರ್ ಸಾಲವಿತ್ತು. ಒಂದು ತಪ್ಪಿಗೂ ಎಡೆಯಿಲ್ಲದ ಆ ಸ್ಥಿತಿಯಲ್ಲಿ ಅವರು ಯಂತ್ರದ ಮುಂದೆ ನಿಂತ ಕೆಲಸಗಾರನಿಗೂ ಆದಾಯ-ವೆಚ್ಚದ ಪಟ್ಟಿಯನ್ನು ಓದಲು ಕಲಿಸಿ, ಕಂಪನಿಯ ಲೆಕ್ಕವನ್ನು ಆಟದ ಅಂಕಪಟ್ಟಿಯಂತೆ ಎಲ್ಲರ ಮುಂದಿಟ್ಟರು. ಕಂಪನಿ ಸಾಲದಿಂದ ಪಾರಾಗಿ ಬೆಳೆಯಿತು. ಅಲ್ಲಿ ಕೆಲಸಗಾರರಿಗೆ ಷೇರುಗಳಲ್ಲಿಯೂ ಪಾಲಿತ್ತೆಂಬುದನ್ನು ಮರೆಯಬಾರದು. ಲೆಕ್ಕ ಕಲಿಸಿ, ಅದರಿಂದ ಬಂದ ಉಳಿತಾಯದಲ್ಲಿ ಕಿಂಚಿತ್ತೂ ಪಾಲು ಕೊಡದಿದ್ದರೆ ಉತ್ಸಾಹ ಬಹುಕಾಲ ಉಳಿಯದು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕೊಡುವ ಬೋನಸ್ಸನ್ನು ವಸೂಲಾದ ಬಾಕಿಗೋ ತಗ್ಗಿದ ವ್ಯರ್ಥಕ್ಕೋ ಭಾಗಶಃ ಜೋಡಿಸುವುದು ಸಣ್ಣ ಉದ್ದಿಮೆಗೆ ಸಾಧ್ಯವಾದ ಮಾರ್ಗ.

ಎರಡನೆಯ ಆಕ್ಷೇಪಣೆ ಸಿಬ್ಬಂದಿಯ ವಿದ್ಯಾಭ್ಯಾಸದ ಕುರಿತಾದದ್ದು. ಹಮಾಲರಿಗೂ ಗಿರಣಿಯ ಹೆಣ್ಣಾಳುಗಳಿಗೂ ಇದೆಲ್ಲ ತಿಳಿಯುವುದೇ ಎಂದು ಕೇಳುವವರುಂಟು. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆ ಮತ್ತು ಇತರ ಸ್ವಸಹಾಯ ಸಂಘಗಳ ಮೂಲಕ ಹಳ್ಳಿಯ ಮಹಿಳೆಯರು ಉಳಿತಾಯ, ಸಾಲ, ಬಡ್ಡಿ, ಕಂತು ಇವುಗಳ ಲೆಕ್ಕವನ್ನು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ವಾರವಾರವೂ ನಿರ್ವಹಿಸುತ್ತಿದ್ದಾರೆ. ಸಂಘದ ಲೆಕ್ಕ ಬಲ್ಲವಳಿಗೆ ಗಿರಣಿಯ ಲೆಕ್ಕ ತಿಳಿಯಲಾರದೆಂಬುದು ಒಪ್ಪತಕ್ಕ ಮಾತಲ್ಲ. ಬೀಜ ಎಣಿಸಲು ಅಕ್ಷರಜ್ಞಾನವೂ ಬೇಕಿಲ್ಲ.

ಮೂರನೆಯದು, ಆಟ ಆಟವೇ, ವ್ಯವಹಾರ ವ್ಯವಹಾರವೇ ಎಂಬ ವಾದ. ಇದರಲ್ಲಿ ಸತ್ಯಾಂಶವಿದೆ. ಗೆಲುವಿನ ಹುಮ್ಮಸ್ಸಿನಲ್ಲಿ ಒಂದು ದಿನ ಕಳೆದು ಮರುದಿನ ಎಲ್ಲವನ್ನೂ ಮರೆತರೆ ಆ ತರಬೇತಿ ವಿಹಾರಕ್ಕಿಂತ ಮಿಗಿಲಾದದ್ದಲ್ಲ. ಆದ್ದರಿಂದ ಆಟಕ್ಕೆ ಎರಡು ಗಂಟೆ ಕೊಟ್ಟರೆ ನಂತರದ ಚರ್ಚೆಗೂ ಎರಡು ಗಂಟೆ ಕೊಡಬೇಕು. ನಗದು ಏಕೆ ಖಾಲಿಯಾಯಿತು, ಯಾರು ಯಾರಿಗೆ ಯಾವ ಮಾತನ್ನು ಹೇಳಲಿಲ್ಲ, ನಮ್ಮ ಅಂಗಡಿಯಲ್ಲಿ ಇಂತಹದೇ ಸ್ಥಿತಿ ಎಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಸಿಬ್ಬಂದಿಯೇ ಉತ್ತರ ಹೇಳಬೇಕು. ಚರ್ಚೆಯ ವೇಳೆ ಮಾಲೀಕರು ತಾಳ್ಮೆಯಿಂದ ಕೇಳಿಸಿಕೊಳ್ಳುವುದು ಒಳಿತು.

ಕಾರ್ಯರೂಪಕ್ಕೆ ತರುವ ಬಗೆ

ಚೌಳಹಿರಿಯೂರು, ಬೀರೂರು, ಅಜ್ಜಂಪುರ, ತರೀಕೆರೆಗಳಂತಹ ಊರುಗಳಲ್ಲಿ ಯಾವ ಒಂದು ಅಂಗಡಿಯಲ್ಲೂ ಇಂತಹ ತರಬೇತಿಗೆ ಬೇಕಾದಷ್ಟು ಸಿಬ್ಬಂದಿ ಇರುವುದಿಲ್ಲ. ನಾಲ್ಕೈದು ಅಂಗಡಿಗಳವರು ಸೇರಿ ಹದಿನಾರು ಜನರನ್ನು ಕಳುಹಿಸಿದರೆ ನಾಲ್ವರಂತೆ ನಾಲ್ಕು ತಂಡಗಳಾಗುತ್ತವೆ. ವಾರದ ರಜೆಯ ದಿನ ಸಮುದಾಯ ಭವನದಲ್ಲಿಯೋ ಶಾಲೆಯ ಕೊಠಡಿಯಲ್ಲಿಯೋ ಸೇರಬಹುದು. ನಾಲ್ಕು ದೊಡ್ಡ ಕಾಗದದ ಹಾಳೆ, ಒಂದೆರಡು ಸೇರು ಹುಣಸೆ ಬೀಜ, ನಲವತ್ತು ಚೀಟಿ, ಮಧ್ಯಾಹ್ನದ ಊಟ ಇಷ್ಟೇ ಸಲಕರಣೆ. ಆ ದಿನದ ಕೂಲಿಯನ್ನು ಕಡಿತ ಮಾಡದಿರುವುದು ಮಾತ್ರ ಕಡ್ಡಾಯವಾಗಿರಬೇಕು. ರಜೆಯ ದಿನವನ್ನು ಕಸಿದುಕೊಂಡರೆ ಬದಲಿ ರಜೆಯನ್ನೂ ಕೊಡಬೇಕು. ನಡೆಸಿಕೊಡಲು ಸ್ಥಳೀಯ ಕಾಲೇಜಿನ ವಾಣಿಜ್ಯ ಅಧ್ಯಾಪಕರನ್ನು, ಲೆಕ್ಕಪರಿಶೋಧಕರನ್ನು, ಬ್ಯಾಂಕಿನ ನಿವೃತ್ತ ಅಧಿಕಾರಿಗಳನ್ನು ಅಥವಾ ಜಿಲ್ಲೆಯ ಆರ್‌ಸೆಟಿ ಸಂಸ್ಥೆಯ ತರಬೇತುದಾರರನ್ನು ಕೋರಬಹುದು.

ತರಬೇತಿಯ ನಂತರ ಪ್ರತಿ ಅಂಗಡಿಯಲ್ಲಿಯೂ ಮೂರು ಅಂಕಿಗಳನ್ನು ತಿಂಗಳಿಗೊಮ್ಮೆ ಗೋಡೆಯ ಹಲಗೆಯ ಮೇಲೆ ಬರೆಯುವ ಪದ್ಧತಿ ಆರಂಭವಾಗಬೇಕು: ಬಾಕಿ ವಸೂಲಿಗೆ ಸರಾಸರಿ ಹಿಡಿದ ದಿನಗಳು, ದಾಸ್ತಾನು ಎಷ್ಟು ದಿನದ ಮಾರಾಟಕ್ಕೆ ಸಾಲುತ್ತದೆ, ಹಾಳಾದ ಅಥವಾ ಹಿಂದಿರುಗಿದ ಮಾಲು ಎಷ್ಟು. ಲಾಭದ ಅಂಕಿಯನ್ನು ಬರೆಯಬೇಕಾಗಿಲ್ಲ. ಈ ಮೂರು ಸರಿಯಿದ್ದರೆ ಲಾಭ ಬಹುಮಟ್ಟಿಗೆ ತಾನಾಗಿಯೇ ಬರುತ್ತದೆ. ಆರು ತಿಂಗಳ ನಂತರ ಅಂಕಿಗಳನ್ನು ಹೋಲಿಸಿದರೆ ತರಬೇತಿಗೆ ಮಾಡಿದ ವೆಚ್ಚ ಹಿಂದಿರುಗಿತೇ ಇಲ್ಲವೇ ಎಂಬುದು ಯಾರ ಪ್ರಮಾಣಪತ್ರವೂ ಇಲ್ಲದೆ ತಿಳಿಯುತ್ತದೆ. ಸುಧಾರಣೆ ಕಾಣದಿದ್ದರೆ ತರಬೇತಿಯ ಕ್ರಮವನ್ನು ಬದಲಿಸಬೇಕು ಅಥವಾ ನಿಲ್ಲಿಸಬೇಕು.

ರಾಜ್ಯದಲ್ಲಿ ವಾಣಿಜ್ಯ ಮಂಡಳಿಗಳ ಪರಂಪರೆ ದೀರ್ಘವಾದದ್ದು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಸ್ಥಾಪಿತವಾದ ಮೈಸೂರು ವಾಣಿಜ್ಯ ಮಂಡಳಿಯ ಕಾಲದಿಂದಲೂ ವರ್ತಕರ ಅಹವಾಲುಗಳನ್ನು ಸರ್ಕಾರಕ್ಕೆ ಮುಟ್ಟಿಸುವ ಕೆಲಸ ಶ್ರದ್ಧೆಯಿಂದ ನಡೆದುಬಂದಿದೆ. ತೆರಿಗೆ, ರೈಲು, ವಿದ್ಯುತ್ ಕುರಿತ ಮನವಿಗಳು ಮುಂದೆಯೂ ಅಗತ್ಯವೇ. ಆದರೆ ಅವುಗಳಿಗೆ ಉತ್ತರ ಬರುವುದು ಸರ್ಕಾರದ ಕೈಯಲ್ಲಿದೆ. ಅಂಗಡಿಯೊಳಗಿನ ನಾಲ್ಕಾರು ಜನರಿಗೆ ಹಣದ ದಾರಿಯನ್ನು ತೋರಿಸುವುದು ವರ್ತಕರ ಕೈಯಲ್ಲಿಯೇ ಇದೆ. ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ಸಂಘಗಳು ಮುಂದಿನ ವರ್ಷದ ಕಾರ್ಯಸೂಚಿಯಲ್ಲಿ ಹೋಬಳಿಗೊಂದು ದಿನವನ್ನು ಇದಕ್ಕಾಗಿ ಮೀಸಲಿಟ್ಟು, ಮೊದಲ ಪ್ರಯೋಗವನ್ನು ಚೌಳಹಿರಿಯೂರಿನಂತಹ ಸಣ್ಣ ಕೇಂದ್ರದಲ್ಲಿಯೇ ನಡೆಸಿ ನೋಡುವುದು ಉಚಿತ. ಅಲ್ಲಿ ಸಾಧ್ಯವಾದದ್ದು ದೊಡ್ಡ ಊರುಗಳಲ್ಲಿ ಕಷ್ಟವಾಗಲಾರದು.